ನನ್ನ ಹೆಸರಿಗೆ ಬಿದ್ದ ನಾಲ್ಕು ನಿಮಿಷ

ನಮ್ಮ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು. ಯಂತ್ರಕ್ಕೆ ಧೂಳು ಆಗದು. ಬಿಸಿಲೂ ಆಗದು ಅಂತ ಕಿಟಕಿಗೆ ಎರಡು ಪದರ ಪರದೆ, ಗೋಡೆಗೆ ಎರಡು ಏಸಿ. ಆ ಚಳಿಯಲ್ಲಿ ಕೂತು ಬೆರಳು ಮರಗಟ್ಟಿದಾಗ ಒಂದು ಸ್ವೆಟರ್ ಹಾಕಿಕೊಳ್ಳಲಾ ಅಂತ ಕೇಳಿದೆ. ಉಣ್ಣೆಯಿಂದ ಕರೆಂಟು ಹುಟ್ಟುತ್ತದೆ, ಯಂತ್ರಕ್ಕೆ ಕೆಟ್ಟದ್ದು ಎಂಬ ಉತ್ತರ ಬಂತು. ಆ ಕೋಣೆಯಲ್ಲಿ ಮರ್ಯಾದೆ ಯಾರಿಗೆ ಅನ್ನುವುದು ನನಗೆ ಅವತ್ತೇ ಗೊತ್ತಾಯಿತು.

ಈಗ ಇದೇ ಕೆಲಸಕ್ಕೆ ಸೇರುತ್ತಿರುವ ಮಕ್ಕಳು, ನಮ್ಮ ಬಂಧುಗಳಲ್ಲೇ ನಾಲ್ಕೈದು ಜನ ಇದ್ದಾರೆ, "ನಿಮ್ಮ ಕಾಲದ್ದು ಬರೀರಿ ಅತ್ತೆ" ಅನ್ನುತ್ತಾರೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಅನ್ನುವುದನ್ನು ಬರೆಯಲು ನನಗೆ ಇಷ್ಟವಿಲ್ಲ. ಯಾರಿಗೆ ಬೇಕು ಅದು. ಬರೆದರೆ ಕೋಪದಿಂದಲೇ ಬರೆಯಬೇಕು. ಇಷ್ಟು ವರ್ಷವಾದರೂ ಅದು ಆರಿಲ್ಲ, ಆರಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ನಾನು ಕೆಲಮಂಗಲದವಳು, ಗಡಿಯಾಚೆ ತಮಿಳುನಾಡಿಗೆ ಸೇರಿದ ಊರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು. ಅಪ್ಪ ರಾಗಿ, ಹುರುಳಿ, ಸ್ವಲ್ಪ ಟೊಮೇಟೊ ಬೆಳೆಯುತ್ತಿದ್ದರು. ಕೃಷ್ಣಗಿರಿಯಲ್ಲಿ ಟೈಪಿಂಗ್ ಕಲಿತ ನನ್ನನ್ನು ಎಪ್ಪತ್ತರ ದಶಕದ ಕೊನೆಯಲ್ಲಿ ಹೊಸೂರಿನ ಒಂದು ಕಾರ್ಖಾನೆ ಕಾರ್ಡು ಪಂಚ್ ಮಾಡಲು ತೆಗೆದುಕೊಂಡಿತು. ಲಾರಿಗಳನ್ನು ಎತ್ತುವ ಜಾಕು ತಯಾರಿಸುವ ಕಾರ್ಖಾನೆ ಅದು. ಆಗ ನಮ್ಮಲ್ಲಿ ಕಂಪ್ಯೂಟರ್ ಇರಲಿಲ್ಲ. ಅಂಕಿ ಅಕ್ಷರಗಳನ್ನು ತೂತಾಗಿ ಹೊಡೆದ ಕಾರ್ಡುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕಂಪನಿ ಜೀಪಿನಲ್ಲಿ ಬೆಂಗಳೂರಿಗೆ ಒಯ್ದು, ಅಲ್ಲಿನ ಬಾಡಿಗೆ ಯಂತ್ರದಲ್ಲಿ ಓಡಿಸಿಕೊಂಡು ಬರುತ್ತಿದ್ದೆವು.

ನನ್ನ ಮೊದಲ ಎಡವಟ್ಟು ಜೂಜುವಾಡಿಯ ಚೆಕ್‌ಪೋಸ್ಟಿನಲ್ಲಿ ಆಯಿತು. ಆಗ ಗಡಿ ದಾಟುವ ಗಾಡಿಗಳಲ್ಲೆಲ್ಲ ಕದ್ದು ಸಾಗಿಸುವ ಅಕ್ಕಿ ಹುಡುಕುತ್ತಿದ್ದರು. ಒಬ್ಬ ಪೊಲೀಸಿನವನು ನನ್ನ ಪೆಟ್ಟಿಗೆ ನೋಡಿ, "ಇದರಲ್ಲೇನಮ್ಮ" ಅಂದ. ಕಾರ್ಡು ಅಂದೆ. ಅವನು ಇಸ್ಪೀಟ್ ಎಲೆ ಅಂದುಕೊಂಡನೋ ಏನೋ, ಮುಚ್ಚಳ ತೆಗೆದು ಅಲ್ಲೇ ರಸ್ತೆಗೆ ಸುರಿದ. ಎರಡು ಸಾವಿರದ ಚಿಲ್ಲರೆ ಕಾರ್ಡು ಧೂಳಿನಲ್ಲಿ ಬಿದ್ದವು. ಹಿಂದಿನ ಲಾರಿಯವನು ಹಾರನ್ ಹೊಡೆಯುತ್ತಿದ್ದ. ನಾನು ಮಂಡಿಯೂರಿ ಅಷ್ಟನ್ನೂ ಹೆಕ್ಕಿದೆ.

ಪ್ರತಿ ಕಾರ್ಡಿನ ಕೊನೆಯ ಅಂಕಣಗಳಲ್ಲಿ ಕ್ರಮಸಂಖ್ಯೆ ಹೊಡೆಯಬೇಕೆಂಬ ನಿಯಮವಿತ್ತು. ಹೊಡೆದಿದ್ದರೆ ಯಂತ್ರವೇ ಅವನ್ನು ಜೋಡಿಸಿ ಕೊಡುತ್ತಿತ್ತು. ಬೇಗ ಮುಗಿಯಲಿ ಅಂತ ನಾನು ಹೊಡೆದಿರಲಿಲ್ಲ. ಎರಡು ದಿನ ನೆಲದ ಮೇಲೆ ಕೂತು ಕೈಯಿಂದ ಜೋಡಿಸಿದೆ. ನನ್ನ ಮೊದಲ ಮೇಲಧಿಕಾರಿ ಸುಂದರಂ ಸಾರ್ ಬಯ್ಯಲಿಲ್ಲ. "ಪೊಲೀಸಿನವನ ಮೇಲೆ ಎಷ್ಟು ಬೇಕಾದರೂ ಕೋಪ ಮಾಡಿಕೊಳ್ಳಮ್ಮ. ಆದರೆ ನಂಬರ್ ಹಾಕದೇ ಇದ್ದವಳು ನೀನು" ಅಂದರು. ನನಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸಿದವರೂ ಅವರೇ. ನಿವೃತ್ತರಾಗಿ ಹೋಗುವಾಗ ಹೇಳಿದ್ದು ಒಂದೇ ಮಾತು: ಏನು ಬದಲಿಸಿದರೂ ಹೆಸರು, ತಾರೀಖು, ಕಾರಣ ಬರೆದಿಡು.

ಎಂಬತ್ತರ ದಶಕದ ನಡುವೆ ನಮ್ಮದೇ ಕಂಪ್ಯೂಟರ್ ಬಂತು. ಅದರೊಳಗೆ ಸುಂದರಂ ಸಾರ್ ಹೇಳಿದ್ದನ್ನೇ ತಾನಾಗಿ ಮಾಡುವ ಒಂದು ಏರ್ಪಾಡಿತ್ತು. ಪ್ರೋಗ್ರಾಂನಲ್ಲಿ ಒಂದು ಅಂಕಿ ತಿದ್ದಿದರೂ ಯಂತ್ರ ಹಳೆಯದನ್ನು ಅಳಿಸದೆ ಪಕ್ಕಕ್ಕೆ ಇಟ್ಟುಕೊಳ್ಳುತ್ತಿತ್ತು. ಯಾರು ತಿದ್ದಿದರು, ಯಾವತ್ತು, ಯಾಕೆ ಅನ್ನುವುದನ್ನು ಜೊತೆಗೆ ಬರೆದುಕೊಳ್ಳುತ್ತಿತ್ತು. ನೀವು ಈಗ ವರ್ಷನ್ ಕಂಟ್ರೋಲ್ ಅನ್ನುತ್ತೀರಲ್ಲ, ಅದೇ. ನಾವು ಹಿಸ್ಟರಿ ಅನ್ನುತ್ತಿದ್ದೆವು. ಸುಂದರಂ ಸಾರ್ ಜಾಗಕ್ಕೆ ಮದ್ರಾಸಿನಿಂದ ಬಂದ ರಾಘವನ್ ಎಂಬವರಿಗೆ ಈ ಹಿಸ್ಟರಿ ಕಂಡರೆ ಆಗುತ್ತಿರಲಿಲ್ಲ. ಜಾಗ ತಿನ್ನುತ್ತದೆ ಅನ್ನುತ್ತಿದ್ದರು. ರಾಘವನ್‌ಗೆ ನಾನು ಬಹುವಚನ ಬಳಸುವುದು ಅಭ್ಯಾಸದಿಂದ, ಬೇರೆ ಏನೂ ತಿಳಿಯಬೇಡಿ.

ಎರಡು ಮೂರು ವರ್ಷಕ್ಕೆ ಇನ್ನೂ ದೊಡ್ಡ ಯಂತ್ರ ಬಂತು. ಹಳೆಯದನ್ನು ಬೆಂಗಳೂರಿನ ವ್ಯಾಪಾರಿಯೊಬ್ಬರಿಗೆ ಮಾರುವುದೆಂದಾಯಿತು. ಹೊಸದರಲ್ಲಿ ಹಿಸ್ಟರಿ ಇಡುವ ಕ್ರಮ ಬೇರೆ. ಸುಮಾರು ಮುನ್ನೂರು ಪ್ರೋಗ್ರಾಂ, ಒಂದೊಂದಕ್ಕೂ ಹತ್ತಾರು ತಿದ್ದುಪಡಿ. ಅಷ್ಟನ್ನೂ ಹಳೆಯ ಕ್ರಮದಿಂದ ಹೊಸ ಕ್ರಮಕ್ಕೆ ಸಾಗಿಸುವ ಕೆಲಸ ನನಗೆ ಬಂತು. ಕೈಯಿಂದ ಆಗುವ ಮಾತಲ್ಲ. ಅದಕ್ಕಾಗಿ ಒಂದು ಸ್ಕ್ರಿಪ್ಟ್ ಬರೆದೆ. ಹಳೆಯದರಿಂದ ಮೊದಲನೇ ತಿದ್ದುಪಡಿ ತೆಗೆ, ಹೊಸದರಲ್ಲಿ ಇಡು, ಎರಡನೆಯದು ತೆಗೆ, ಇಡು. ಹೀಗೆ ಸಾಲಾಗಿ ಬರೆದ ಅಪ್ಪಣೆಗಳ ಪಟ್ಟಿ.

ಓಡಿಸಿದರೆ ಇಪ್ಪತ್ತನೆಯ ಪ್ರೋಗ್ರಾಂಗೇ ನಿಂತುಬಿಟ್ಟಿತು. ನೋಡಿದರೆ ಕಾರಣ ಬರೆಯುವ ಟಿಪ್ಪಣಿಯಲ್ಲಿ ಯಾರೋ ಇಂಗ್ಲಿಷಿನ ಪದವೊಂದಕ್ಕೆ ಅಪಾಸ್ಟ್ರಫಿ, ಅಂದರೆ ಅಕ್ಷರದ ಪಕ್ಕ ಮೇಲೆ ಇಡುವ ಚುಕ್ಕೆಯಂಥ ಗುರುತು, ಹಾಕಿದ್ದರು. ಆ ಚುಕ್ಕೆಯನ್ನು ಯಂತ್ರ ಅಪ್ಪಣೆಯ ಭಾಗ ಅಂದುಕೊಂಡು ಗಲಿಬಿಲಿಗೊಂಡಿತ್ತು. ಟಿಪ್ಪಣಿಗಳನ್ನು ಬೇರೆ ಕಡತಕ್ಕೆ ಹಾಕಿ ಅಲ್ಲಿಂದ ಓದಿಸಿದರೆ ಸರಿಹೋಗುತ್ತದೆ, ಒಂದು ದಿನ ಕೊಡಿ ಅಂತ ರಾಘವನ್ ಹತ್ತಿರ ಕೇಳಿದೆ.

"ಟಿಪ್ಪಣಿ ಯಾರಿಗೆ ಬೇಕು? ಅದೆಲ್ಲಾಂ ವೇಂಡಾಂ ಮಾ" ಅಂದರು. "ಟಿಪ್ಪಣಿ ಬಿಟ್ಟು ಓಡಿಸು. ನಾಳೆ ಹಳೇ ಮೆಷಿನ್ ಬಿಚ್ಚಬೇಕು."

ಬಿಟ್ಟೆ. ಎಲ್ಲದಕ್ಕೂ 'ಹಳೆಯ ಯಂತ್ರದಿಂದ ಬಂದದ್ದು' ಎಂಬ ಒಂದೇ ಸಾಲು ಹಾಕಿಸಿದೆ. ಈ ಸಲ ಸ್ಕ್ರಿಪ್ಟ್ ಎಲ್ಲೂ ನಿಲ್ಲದೆ ಓಡಿತು. ಪರದೆಯ ಮೇಲೆ ಒಂದೂ ತಪ್ಪು ಬರಲಿಲ್ಲ. ನಾನು ನಿರಾಳವಾಗಿ ಆರು ಗಂಟೆ ಬಸ್ಸಿಗೆ ಕೆಲಮಂಗಲಕ್ಕೆ ಹೋದೆ.

ಮಕ್ಕಳೇ, ತಪ್ಪಿನಲ್ಲಿ ಎರಡು ಬಗೆ. ಒಂದು ಕಿರುಚಿಕೊಂಡು ನಿಲ್ಲುತ್ತದೆ. ಇನ್ನೊಂದು ಬಾಯಿ ಮುಚ್ಚಿಕೊಂಡು ಕೆಲಸ ಮುಗಿಸುತ್ತದೆ. ಕಿರುಚುವುದನ್ನು ಸರಿಮಾಡುವ ಅವಸರದಲ್ಲಿ ನಾನು ಇನ್ನೊಂದನ್ನು ನೋಡಲೇ ಇಲ್ಲ.

ಅದಾಗಿ ಒಂದೂವರೆ ತಿಂಗಳಿಗೆ ಜೂಜುವಾಡಿಯಲ್ಲಿ, ಗಡಿ ದಾಟಲು ಕಾಯುತ್ತ ನಿಂತ ಲಾರಿ ಸಾಲಿನಲ್ಲಿ, ಒಂದು ಟೈರು ಪಂಕ್ಚರ್ ಆಯಿತು. ಲಾರಿಯ ಕ್ಲೀನರ್ ನಮ್ಮ ಕಾರ್ಖಾನೆಯ ಜಾಕು ಕೊಟ್ಟು ಲಾರಿ ಎತ್ತಿ ಚಕ್ರ ಬಿಚ್ಚಿ, ಕೆಳಗೆ ಕೈ ಹಾಕಿದ. ಜಾಕು ಮೆಲ್ಲಗೆ ಇಳಿಯಿತು. ದಢಕ್ಕನೆ ಬಿದ್ದಿದ್ದರೆ ಕೈ ಎಳೆದುಕೊಳ್ಳುತ್ತಿದ್ದನೋ ಏನೋ. ಮೆಲ್ಲಗೆ ಇಳಿದದ್ದರಿಂದ ಗೊತ್ತಾಗಲಿಲ್ಲ. ಬಲಗೈಯ ಮೂರು ಬೆರಳು ಹೋದವು. ಅವನ ಹೆಸರು ಚಿನ್ನಸ್ವಾಮಿ. ನಮ್ಮ ಕಾರ್ಖಾನೆಯ ವಿಚಾರಣೆಯ ಕಾಗದದಲ್ಲಿ ಆ ಹೆಸರು ಎಲ್ಲೂ ಇಲ್ಲ. 'ಮೂರನೇ ವ್ಯಕ್ತಿ' ಅಂತ ಇದೆ.

ಲಾರಿ ಮಾಲೀಕರು ಜಾಕನ್ನು ತಂದು ಗೇಟಿನಲ್ಲಿ ಇಟ್ಟರು. ಅದರ ಮೇಲಿನ ನಂಬರಿನಿಂದ ಯಾವ ತಿಂಗಳು ಯಾರು ಪರೀಕ್ಷಿಸಿದ್ದು ಅಂತ ತಿಳಿಯುತ್ತದೆ. ಪರೀಕ್ಷಿಸಿದವರು ಮುನಿರಾಜಣ್ಣ.

ಮುನಿರಾಜಣ್ಣನ ಊರು ಸಾನಮಾವು ಕಾಡಿನ ಅಂಚಿನಲ್ಲಿ. ದಿನಾ ಸೈಕಲ್ಲಿನಲ್ಲಿ ಬರುತ್ತಿದ್ದರು. ಅವರ ಕೆಲಸ ಇಷ್ಟೇ: ಜಾಕನ್ನು ಬೆಂಚಿನ ಮೇಲಿಟ್ಟು, ಪೂರ್ತಿ ಭಾರ ಹೊರಿಸಿ, ಚೀಟಿಯಲ್ಲಿ ಬರೆದಷ್ಟು ನಿಮಿಷ ಕಾಯಬೇಕು. ಅಷ್ಟರಲ್ಲಿ ಇಳಿಯದಿದ್ದರೆ ಪಾಸು. ಆ ಚೀಟಿಯನ್ನು ಅಚ್ಚು ಹಾಕುತ್ತಿದ್ದುದು ನಮ್ಮ ಕಂಪ್ಯೂಟರ್. ನಿಯಮದಂತೆ ಹತ್ತು ನಿಮಿಷ.

ಸರಿಯಾಗಿ ಪರೀಕ್ಷಿಸಲಿಲ್ಲ ಅಂತ ಅವರನ್ನು ಸಸ್ಪೆಂಡ್ ಮಾಡಿದ ದಿನ ಕ್ಯಾಂಟೀನಿನ ಹತ್ತಿರ ಸಿಕ್ಕರು. "ಯಶೋದಮ್ಮ, ನಾ ಒಂದ್ನಿಮ್ಸ ಕಮ್ಮಿ ಮಾಡ್ಲಿಲ್ಲ ಕಣಮ್ಮ. ಬ್ಯಾಸ್ಗೇಲಿ ಎಲ್ಡ್ ತಿಂಗ್ಳು ಚೀಟೀಲಿ ನಾಲ್ಕು ಅಂತ ಬಂತು. ನಾಲ್ಕೇ ನಿಲ್ಸ್ದೆ. ಆಮ್ಯಾಕೆ ಹತ್ತಾಯ್ತು, ಹತ್ತು ನಿಲ್ಸ್ದೆ" ಅಂದರು.

"ನಾಲ್ಕು ಅಂತ ಬಂದಾಗ ಯಾರನ್ನೂ ಕೇಳಲಿಲ್ವಾ ಅಣ್ಣ?"

"ಕೇಳ್ದೆ. ಕಂಪ್ಯೂಟ್ರು ತಪ್ಪು ಬರಿಯಾಕಿಲ್ಲ, ನಿನ್ ಕೆಲ್ಸ ನೀ ನೋಡು ಅಂದ್ರು."

ಆ ಚೀಟಿಗಳನ್ನು ಹುಡುಕಿದೆ. ತಿಂಗಳಿಗೊಮ್ಮೆ ಗೇಟಿನಾಚೆಯ ಬೋಂಡಾ ಅಂಗಡಿಗೆ ರದ್ದಿಗೆ ಹೋಗುತ್ತಿದ್ದವು, ಎಂದೋ ಹೋಗಿದ್ದವು. ಇರಲಿ, ಹಿಸ್ಟರಿ ಇದೆಯಲ್ಲ ಅಂತ ಧೈರ್ಯವಾಗಿದ್ದೆ. ಬೇಸಿಗೆಯಲ್ಲಿ ಯಾರಾದರೂ ಹತ್ತನ್ನು ನಾಲ್ಕು ಮಾಡಿದ್ದರೆ ಅಲ್ಲಿ ಹೆಸರು, ತಾರೀಖು ಇದ್ದೇ ಇರುತ್ತದೆ. ವಿಚಾರಣೆಯಲ್ಲಿ ಅದನ್ನು ತೆಗೆಸಿ ನೋಡಿ ಅಂತ ಮುನಿರಾಜಣ್ಣನಿಗೆ ಹೇಳಿಕೊಟ್ಟವಳೂ ನಾನೇ.

ವಿಚಾರಣೆ ವರ್ಕ್ಸ್ ಮ್ಯಾನೇಜರ್ ಕೋಣೆಯಲ್ಲಿ. ಮುನಿರಾಜಣ್ಣ ಬಾಗಿಲ ಬಳಿ ನಿಂತಿದ್ದರು. ರಾಘವನ್ ಹಿಸ್ಟರಿಯ ಪ್ರತಿ ತಂದು ಮೇಜಿನ ಮೇಲೆ ಹರವಿದರು. ನನ್ನನ್ನು ಕರೆಸಿ, ಓದು ಅಂದರು.

ಪರೀಕ್ಷೆ ಚೀಟಿಯ ಪ್ರೋಗ್ರಾಂಗೆ ಒಟ್ಟು ಒಂಬತ್ತು ತಿದ್ದುಪಡಿ. ಏಳನೆಯದರಲ್ಲಿ ಹತ್ತು ನಿಮಿಷ ನಾಲ್ಕಾಗಿತ್ತು. ಒಂಬತ್ತನೆಯದರಲ್ಲಿ ಮತ್ತೆ ಹತ್ತಾಗಿತ್ತು. ಒಂಬತ್ತಕ್ಕೂ ತಾರೀಖು ಒಂದೇ, ನಾನು ಸ್ಕ್ರಿಪ್ಟ್ ಓಡಿಸಿದ ದಿನ. ಒಂಬತ್ತಕ್ಕೂ ಹೆಸರು ಒಂದೇ. ಯಶೋದಾ.

ಹಾಳೆಯನ್ನು ಮತ್ತೆ ಮೊದಲಿನಿಂದ ಓದಿದೆ.

"ನೋಡಿ ಸಾರ್" ಅಂದರು ರಾಘವನ್, ತಮಿಳಿನಲ್ಲಿ, ನಿಧಾನವಾಗಿ. "ಈಯಮ್ಮ ಹೊಸ ಮೆಷಿನ್‌ಗೆ ಸಾಗಿಸುವ ದಿನ ಕೈತಪ್ಪಿ ನಾಲ್ಕು ಹೊಡೆದಿದ್ದಾಳೆ, ಅದೇ ದಿನ ಸರಿಮಾಡಿದ್ದಾಳೆ. ಬೇಸಿಗೆಯಲ್ಲಿ ನಾಲ್ಕು ಅಂತ ಚೀಟಿ ಬಂದಿರೋದಕ್ಕೆ ಸಾಧ್ಯವೇ ಇಲ್ಲ."

"ಇದು ನಾನು ಮಾಡಿದ ಬದಲಾವಣೆ ಅಲ್ಲ ಸಾರ್" ಅಂದೆ.

"ಇಲ್ಲಿರೋ ಹೆಸರು ಯಾರದಮ್ಮ?" ಅಂತ ವರ್ಕ್ಸ್ ಮ್ಯಾನೇಜರ್ ಕೇಳಿದರು. ಉತ್ತರಕ್ಕೆ ಕಾಯದೆ ಮುನಿರಾಜಣ್ಣನ ಕಡೆ ತಿರುಗಿದರು. "ರಾತ್ರಿಯೆಲ್ಲ ಹೊಲಕ್ಕೆ ಆನೆ ಬರದ ಹಾಗೆ ಕಾಯ್ತೀಯ. ಹಗಲು ಬೆಂಚಿನ ಮೇಲೆ ತೂಕಡಿಸ್ತೀಯ. ಈಗ ಕಂಪ್ಯೂಟರ್ ಮೇಲೆ ಹಾಕ್ತೀಯ."

ಮುನಿರಾಜಣ್ಣ ನನ್ನ ಕಡೆ ನೋಡಿದರು. ಹಿಸ್ಟರಿ ತೆಗೆಸಿ ಅಂದದ್ದು ನಾನು, ತೆಗೆಸಿದರೆ ಅವರ ಕತ್ತಿಗೇ ಬಂತು. ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ.

ಆ ಸಂಜೆ ಬಸ್ಸಿನಲ್ಲಿ ಕೂತು ರಾಘವನ್‌ಗೆ ಮನಸ್ಸಿನಲ್ಲೇ ಬಯ್ದದ್ದನ್ನು ಇಲ್ಲಿ ಬರೆಯುವುದಿಲ್ಲ. ಅವರೇ ದಾಖಲೆ ತಿದ್ದಿದ್ದಾರೆ ಅಂತ ಆಗ ನನ್ನ ಗಟ್ಟಿ ನಂಬಿಕೆಯಾಗಿತ್ತು. ಮನೆಯಲ್ಲಿ ಸ್ಕ್ರಿಪ್ಟಿನ ಅಚ್ಚು ಪ್ರತಿ ಹರವಿಕೊಂಡು ಕೂತೆ. ಅಮ್ಮ ಮುದ್ದೆ ತಟ್ಟೆ ಇಟ್ಟು, "ಉಣ್ಣಮ್ಮಿ, ಕಾಗ್ದ ಎಲ್ಲೂ ಓಡೋಗಲ್ಲ" ಅಂದಳು. ಉಣ್ಣುತ್ತಲೇ ಓದಿದೆ. ಎಷ್ಟು ಸಲ ಓದಿದರೂ ಅದರಲ್ಲಿ ತಪ್ಪು ಕಾಣಲಿಲ್ಲ. ತಪ್ಪು ಬರೆದದ್ದರಲ್ಲಿ ಇರಲಿಲ್ಲ. ಬರೆಯದೆ ಬಿಟ್ಟದ್ದರಲ್ಲಿ ಇತ್ತು.

ಮಾರನೆಯ ದಿನ ಹೊಸ ಯಂತ್ರದಲ್ಲಿ ಎರಡು ಸಾಲಿನ ಒಂದು ಪುಟ್ಟ ಕಡತ ಮಾಡಿ ಹಿಸ್ಟರಿಗೆ ಸೇರಿಸಿದೆ. ನನ್ನ ಹೆಸರು, ಆ ಹೊತ್ತಿನ ತಾರೀಖು ಬಂತು. ಸರಿಯೇ. ಆಮೇಲೆ ಹಿಂದಿನ ವರ್ಷ ಬೇರೊಬ್ಬರು ಬರೆದಿದ್ದ ಹಳೆಯ ಕಡತ ಸೇರಿಸಿದೆ. ಆಗಲೂ ನನ್ನ ಹೆಸರೇ, ಆ ಹೊತ್ತಿನ ತಾರೀಖೇ. ಕೈಪಿಡಿ ತೆರೆದು ನೋಡಿದೆ. ಹೊಸ ಕ್ರಮಕ್ಕೆ ಒಳಗಿನದು ಯಾರ ಕೆಲಸ, ಯಾವತ್ತಿನದು ಎಂಬ ಚಿಂತೆ ಇಲ್ಲ. ಯಾರು ಕೀಲಿಮಣೆಯ ಮುಂದೆ ಕೂತು ಒಳಗೆ ಹಾಕುತ್ತಾರೋ ಅವರ ಹೆಸರು, ಹಾಕಿದ ಗಳಿಗೆ. ಬೇರೆ ಹೆಸರು, ಬೇರೆ ತಾರೀಖು ಬೇಕಿದ್ದರೆ ಪ್ರತಿ ಸಲವೂ ಬಾಯಿಬಿಟ್ಟು ಹೇಳಬೇಕು. ಕೈಪಿಡಿಯಲ್ಲಿ ಅದು ಎರಡು ಸಾಲಿನಲ್ಲಿ ಇತ್ತು. ನಾನು ಆ ಪುಟ ಓದಿರಲಿಲ್ಲ.

ದಾಖಲೆಯನ್ನು ಯಾರೂ ತಿದ್ದಿರಲಿಲ್ಲ. ಮುನ್ನೂರು ಪ್ರೋಗ್ರಾಂಗಳ ಅಷ್ಟೂ ವರ್ಷದ ತಿದ್ದುಪಡಿಗೆ ನನ್ನ ಹೆಸರನ್ನು ನಾನೇ ಬಳಿದಿದ್ದೆ. ಮುನಿರಾಜಣ್ಣನ ಎರಡು ತಿಂಗಳನ್ನು ನಾನೇ ಅಳಿಸಿದ್ದೆ.

ನನ್ನ ಮೇಲಿನ ಆ ಕೋಪ ಬೇರೆಯವರ ಮೇಲಿನದಕ್ಕಿಂತ ಕಡಿಮೆ ಏನಿರಲಿಲ್ಲ. ನೇರವಾಗಿ ರಾಘವನ್ ಕೋಣೆಗೆ ಹೋದೆ. ಸ್ಕ್ರಿಪ್ಟಿನ ತಪ್ಪು ನನ್ನದು, ಹೆಸರು ತಾರೀಖು ಎರಡೂ ಕಳೆದುಹೋಗಿವೆ, ಹಳೆಯ ಯಂತ್ರದ ಪ್ರತಿ ತೆಗೆದಿಟ್ಟ ಟೇಪಿನಿಂದ ಮತ್ತೆ ಸಾಗಿಸಿದರೆ ನಿಜ ತಿಳಿಯುತ್ತದೆ ಅಂದೆ. ತಪ್ಪು ಒಪ್ಪಿಕೊಂಡರೆ ಸಂತೋಷಪಡುತ್ತಾರೆ ಎಂಬ ಪೆದ್ದುತನ ಆಗ ನನ್ನಲ್ಲಿತ್ತು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಳೇ ಮೆಷಿನ್ ಹೋಯಿತು. ಟೇಪುಗಳನ್ನೆಲ್ಲ ಅಳಿಸಿ ಮತ್ತೆ ಬಳಸಿ ಅಂತ ನಾನೇ ಹೇಳಿದ್ದೆ. ಇಲ್ಲದ್ದನ್ನು ಕೆದಕಬೇಡ. ನಿನಗೆ ಒಂದು ಎಚ್ಚರಿಕೆ ಪತ್ರ ಬರುತ್ತೆ, ಅಷ್ಟೇ, ಸಹಿ ಹಾಕು. ಆ ಮುನಿರಾಜನಿಗೆ ಹೊಲ ಇದೆ, ಬದುಕಿಕೊಳ್ತಾನೆ."

ಆ ನಾಲ್ಕು ಎಲ್ಲಿಂದ ಬಂತು ಅನ್ನುವುದು ಅವರಿಗೆ ಗೊತ್ತಿದೆ ಅಂತ ಆ ಮಾತಿನಲ್ಲಿ ನನಗೆ ತಿಳಿಯಿತು. ಟಿಪ್ಪಣಿ ಬೇಡ ಅಂದದ್ದು ಅವಸರಕ್ಕೋ, ಬೇಕೆಂದೋ ಅನ್ನುವುದು ಮಾತ್ರ ಇವತ್ತಿಗೂ ಗೊತ್ತಿಲ್ಲ.

ಕೋಣೆಯ ಟೇಪುಗಳು ಅಳಿದಿದ್ದವು, ನಿಜ. ಆದರೆ ಬೆಂಕಿ ಬಿದ್ದರೆ ಇರಲಿ ಅಂತ ಪ್ರತಿ ತಿಂಗಳ ಕೊನೆಯ ಟೇಪೊಂದನ್ನು ಆಡಳಿತ ಕಟ್ಟಡದ ಕಬ್ಬಿಣದ ಬೀರುವಿನಲ್ಲಿ ಇಡುವ ಪದ್ಧತಿ ಸುಂದರಂ ಸಾರ್ ಕಾಲದಿಂದ ಇತ್ತು. ಪ್ರತಿ ತಿಂಗಳೂ ಇಟ್ಟು ಬರುತ್ತಿದ್ದವಳು ನಾನು. ರಾಘವನ್ ಅದನ್ನು ಎಂದೂ ಕೇಳಿದವರಲ್ಲ. ಬೀರುವಿನ ಕಾವಲಿಗೆ ಇದ್ದವರು ಪೊನ್ನುಸ್ವಾಮಿ, ಸೈನ್ಯದಿಂದ ಬಂದವರು, ನಿಯಮ ಅಂದರೆ ನಿಯಮ. ಮ್ಯಾನೇಜರ್ ಸಹಿ ಇಲ್ಲದೆ ಕೊಡಲಾರರು ಅಂದುಕೊಂಡೇ ಹೋದೆ.

ಶನಿವಾರ ಮಧ್ಯಾಹ್ನ, ಅರ್ಧ ದಿನದ ರಜೆಗೆ ಎಲ್ಲ ಹೊರಟಿದ್ದರು. ಪೊನ್ನುಸ್ವಾಮಿ ರಿಜಿಸ್ಟರ್ ತೆರೆದು ಬೆರಳಿಟ್ಟು ಓದಿದರು. "ಇಟ್ಟವರು ಯಾರು, ಯಶೋದಾ. ನೀನೇ ತಾನೇ?"

"ಹೌದು ಸಾರ್."

"ಇಟ್ಟವರು ಬಂದು ಕೇಳಿದರೆ ಕೊಡಬೇಕು ಅಂತ ಇಲ್ಲಿದೆ. ಬೇರೆಯವರ ಸಹಿ ಬೇಕು ಅಂತ ಎಲ್ಲೂ ಇಲ್ಲ. ತಗೊಂಡದ್ದಕ್ಕೆ ಸಹಿ ಹಾಕು, ಹೊತ್ತು ಬರಿ." ಕೀಲಿ ತಿರುಗಿಸಿ ಟೇಪು ಕೈಗಿಟ್ಟರು. ಯಾಕೆ ಅಂತ ಕೇಳಲಿಲ್ಲ.

ಸ್ಕ್ರಿಪ್ಟಿಗೆ ಹೆಸರು, ತಾರೀಖು ಹೇಳುವ ಭಾಗ ಸೇರಿಸಿದೆ. ಟಿಪ್ಪಣಿಗಳನ್ನು ಬೇರೆ ಕಡತದಿಂದ ಓದಿಸಿದೆ, ಆ ಒಂದು ದಿನದ ಕೆಲಸ ಎರಡು ಗಂಟೆಯಲ್ಲಿ ಆಯಿತು. ಓಡಿಸಿದರೆ ಮತ್ತೆ ತಪ್ಪು. ಈ ತಾರೀಖು ಹಿಂದಿನ ತಿದ್ದುಪಡಿಗಿಂತ ಹಳೆಯದು, ಸೇರಿಸಲಾರೆ ಅಂತು ಯಂತ್ರ. ತಲೆ ಕೆಟ್ಟುಹೋಯಿತು. ಸ್ವಲ್ಪ ಹೊತ್ತು ಕಳೆದ ಮೇಲೆ ಹೊಳೆಯಿತು. ನನ್ನ ಹೆಸರಿನ ಆ ಸುಳ್ಳು ಹಿಸ್ಟರಿಯ ಮೇಲೆಯೇ ನಿಜವನ್ನು ಸೇರಿಸಲು ಹೋಗಿದ್ದೆ. ಖಾಲಿ ಜಾಗದಿಂದ ಶುರುಮಾಡಬೇಕು. ಹೊಸದೊಂದು ಜಾಗ ಮಾಡಿ, ಪರೀಕ್ಷೆ ಚೀಟಿಯ ಪ್ರೋಗ್ರಾಂ ಒಂದನ್ನೇ ಓಡಿಸಿದೆ.

ಒಂಬತ್ತು ತಿದ್ದುಪಡಿ, ಒಂಬತ್ತು ತಾರೀಖು. ಏಳನೆಯದು ಬೇಸಿಗೆಯ ಮೊದಲ ವಾರ. ಹೆಸರು ರಾಘವನ್. ಕಾರಣ ಎಂಬಲ್ಲಿ ಅವರೇ ಟೈಪು ಮಾಡಿದ್ದು: ವರ್ಕ್ಸ್ ಮ್ಯಾನೇಜರ್ ಬಾಯಿಮಾತಿನ ಆದೇಶ, ಡಿಸ್ಪ್ಯಾಚ್ ಮುಗಿಯುವವರೆಗೆ. ಒಂಬತ್ತನೆಯದು ಎರಡು ತಿಂಗಳ ನಂತರ. ಅದೂ ರಾಘವನ್. ಡಿಸ್ಪ್ಯಾಚ್ ಮುಗಿಯಿತು, ಹಳೆಯ ಮಿತಿ.

ಅಷ್ಟೇ. ಆರ್ಡರು ತಡವಾಗುತ್ತದೆ ಅಂತ ಒಂದೊಂದು ಜಾಕಿನಲ್ಲಿ ಆರು ನಿಮಿಷ ಉಳಿಸಿದ್ದರು.

ಮೂರು ಪ್ರತಿ ತೆಗೆದೆ. ಸೋಮವಾರ ಒಂದನ್ನು ವರ್ಕ್ಸ್ ಮ್ಯಾನೇಜರ್ ಮೇಜಿನ ಮೇಲೆ ಇಟ್ಟೆ. ಅವರು ಓದಿದರು. ತಮ್ಮ ಹುದ್ದೆಯ ಹೆಸರು ಇದ್ದ ಸಾಲನ್ನು ಎರಡು ಸಲ ಓದಿದರು ಅಂತ ಕಾಣುತ್ತದೆ, ಕಣ್ಣು ಅಲ್ಲೇ ನಿಂತಿತ್ತು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಟೇಪು ತೆಗೆಯಲು ಯಾರ ಅನುಮತಿ ಇತ್ತು?"

ಬೆರಳು ಕಳೆದುಕೊಂಡವನ ಬಗ್ಗೆ ಇಲ್ಲ, ನಾಲ್ಕು ನಿಮಿಷದ ಬಗ್ಗೆ ಇಲ್ಲ.

ಹದಿನೈದು ದಿನಕ್ಕೆ ಮುನಿರಾಜಣ್ಣನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡರು. 'ಸಂದೇಹದ ಲಾಭ ಕೊಟ್ಟು' ಅಂತ ಆದೇಶದಲ್ಲಿ ಬರೆದರು. ಎಲ್ಲಿತ್ತು ಸಂದೇಹ? ಮುಂದೆ ಜಾಗ್ರತೆಯಾಗಿ ಇರುತ್ತೇನೆ ಅಂತ ಅವರಿಂದಲೇ ಬರೆಸಿಕೊಂಡರು. ನನಗೆ ಅನುಮತಿಯಿಲ್ಲದೆ ಟೇಪು ತೆಗೆದದ್ದಕ್ಕೆ ಮೆಮೊ. ರಾಘವನ್‌ಗೆ ಏನೂ ಇಲ್ಲ.

ಇಷ್ಟಕ್ಕೆ ಮುಗಿಯಿತು ಅಂತ ನಾನು ಸುಮ್ಮನಾಗಿದ್ದರೆ ಈ ಬರವಣಿಗೆಗೆ ಅರ್ಥವಿರುತ್ತಿರಲಿಲ್ಲ. ಒಂದು ಮಧ್ಯಾಹ್ನ ಮುನಿರಾಜಣ್ಣ ಕೋಣೆಯ ಬಾಗಿಲಿಗೆ ಬಂದರು. ಚಪ್ಪಲಿ ಬಿಟ್ಟು ಒಳಗೆ ಬನ್ನಿ ಅಂದೆ. ಬರಲಿಲ್ಲ, ಹೊಸ್ತಿಲಾಚೆಯೇ ನಿಂತರು.

"ನಂದೇನೋ ಆಯ್ತು ಕಣಮ್ಮ. ಆ ಎಲ್ಡ್ ತಿಂಗ್ಳಲ್ಲಿ ನಾ ಪಾಸ್ ಮಾಡಿದ್ ಜಾಕು ಎಷ್ಟೈತೆ ಅಂತ ನಿಂಗೊತ್ತಾ? ಅವೆಲ್ಲಾ ರೋಡಲ್ಲವೆ. ದಿನಾ ಸೈಕಲ್ ತುಳ್ಕೊಂಡ್ ಬರ್ವಾಗ ಲಾರಿ ಕೆಳ್ಗೆ ಯಾರಾದ್ರೂ ಮನ್ಗಿದ್ರೆ ನೋಡಾಕಾಗಲ್ಲ, ಮುಖ ತಿರ್ಗುಸ್ತೀನಿ."

ಆ ಜಾಕುಗಳನ್ನು ವಾಪಸು ತರಿಸಿ ಅಂತ ನಾನು ಎರಡು ಸಲ ಬರೆದುಕೊಟ್ಟೆ. ಕಂಪನಿಯ ಹೆಸರು ಕೆಡುತ್ತದೆ ಅಂತ ಎರಡು ಸಲವೂ ಬದಿಗಿಟ್ಟರು. ಯಾವ ನಂಬರು ಯಾವ ಡೀಲರಿಗೆ ಹೋಗಿದೆ ಅನ್ನುವುದು ಯಂತ್ರದಲ್ಲೇ ಇತ್ತು. ಪಟ್ಟಿ ಅಚ್ಚು ಹಾಕಿಕೊಂಡೆ. ಒಂದು ಭಾನುವಾರ ಕೆಲಮಂಗಲದ ನಮ್ಮ ಮನೆಯ ಜಗಲಿಯಲ್ಲಿ ಕೂತು ನಾವಿಬ್ಬರೂ ಪೋಸ್ಟ್‌ಕಾರ್ಡು ಬರೆದೆವು. ಕೋಲಾರದ ಕಡೆಗೆ ಕನ್ನಡದಲ್ಲಿ, ಸೇಲಂ, ಧರ್ಮಪುರಿಯ ಕಡೆಗೆ ತಮಿಳಿನಲ್ಲಿ ನಾನು ಬರೆದೆ. ನನಗೆ ತೆಲುಗು ಮಾತು ಬರುತ್ತದೆ, ಬರವಣಿಗೆ ಬರುವುದಿಲ್ಲ. ಚಿತ್ತೂರಿನ ಕಡೆಗೆ ಮುನಿರಾಜಣ್ಣ ಬರೆದರು, ಅವರು ಓದಿದ್ದು ತೆಲುಗು ಶಾಲೆ. ಬರೆದದ್ದು ಇಷ್ಟೇ: ಈ ನಂಬರಿನಿಂದ ಈ ನಂಬರಿನವರೆಗಿನ ಜಾಕು ಪೂರ್ತಿ ಪರೀಕ್ಷೆಯಾಗಿಲ್ಲ. ಇದರ ಮೇಲೆ ಲಾರಿ ನಿಲ್ಲಿಸಿ ಕೆಳಗೆ ಕೈ ಹಾಕಬೇಡಿ. ಕಾರ್ಖಾನೆಗೆ ಹಿಂತಿರುಗಿಸಿ. ಕೆಳಗೆ ನನ್ನ ಹೆಸರು. ನಿಮ್ಮದು ಬೇಡ ಅಣ್ಣ, ನಿಮಗೆ ಈಗಾಗಲೇ ಒಂದು ಸಲ ಆಗಿದೆ ಅಂದರೆ ಕೇಳಲಿಲ್ಲ. ತೆಲುಗಿನ ಕಾರ್ಡುಗಳಿಗೆ ತಮ್ಮ ಹೆಸರನ್ನೇ ಹಾಕಿದರು.

ಮೂರು ವಾರ ಏನೂ ಇಲ್ಲ. ಆಮೇಲೆ ಗೇಟಿಗೆ ಜಾಕು ಬರಲು ಶುರುವಾದವು. ವರ್ಕ್ಸ್ ಮ್ಯಾನೇಜರ್ ನನ್ನ ಕಾರ್ಡೊಂದನ್ನು ಹಿಡಿದುಕೊಂಡು ಕರೆಸಿದರು. ಮುಖ ಕೆಂಪಾಗಿತ್ತು.

"ಇದನ್ನು ಬರೆದವರು ಯಾರು?"

"ಹೆಸರು ಇದೆಯಲ್ಲ ಸಾರ್" ಅಂದೆ. "ಈ ಸಲ ಅದು ನಾನೇ ಹಾಕಿದ ಹೆಸರು."

ಕೆಲಸದಿಂದ ತೆಗೆಯುತ್ತಾರೆ ಅಂತ ಕಾದೆ. ತೆಗೆಯಲಿಲ್ಲ. ಇನ್ನೆರಡು ಪ್ರತಿ ಎಲ್ಲಿವೆ ಅಂತ ಅವರಿಗೆ ಗೊತ್ತಿರಲಿಲ್ಲ, ಅದೇ ಕಾರಣ ಇರಬೇಕು. ಒಂದು ವಾರಕ್ಕೆ ಕಂಪನಿಯೇ ಎಲ್ಲ ಡೀಲರುಗಳಿಗೆ ಅಚ್ಚಾದ ಪತ್ರ ಕಳಿಸಿತು. ಗ್ರಾಹಕರ ಹಿತವೇ ನಮ್ಮ ಗುರಿ, ಆದ್ದರಿಂದ ನಾವಾಗಿಯೇ ವಾಪಸು ಪಡೆಯುತ್ತಿದ್ದೇವೆ ಅಂತ ಅದರಲ್ಲಿತ್ತು. ಓದಿ ನನಗೆ ನಗುವೂ ಬರಲಿಲ್ಲ.

ವಾಪಸು ಬಂದವನ್ನು 'ಎಚ್ಚರಿಕೆಯಿಂದ ಮರುಪರೀಕ್ಷೆ' ಮಾಡಲು ನೇಮಿಸಿದ್ದು ಮುನಿರಾಜಣ್ಣನನ್ನೇ. ಮೊದಲ ದಿನ ಊಟದ ಬಿಡುವಿನಲ್ಲಿ ನಾನು ಬೆಂಚಿನ ಹತ್ತಿರ ಹೋದೆ. ಅಷ್ಟು ವರ್ಷ ಆ ಕಾರ್ಖಾನೆಯಲ್ಲಿದ್ದರೂ ಜಾಕು ಪರೀಕ್ಷೆಯಾಗುವುದನ್ನು ನಾನು ಒಮ್ಮೆಯೂ ನಿಂತು ನೋಡಿರಲಿಲ್ಲ. ಅವರು ಒಂದನ್ನು ಎತ್ತಿ ಬೆಂಚಿನ ಮೇಲಿಟ್ಟು, ಭಾರ ಹೊರಿಸಿ, ಗಡಿಯಾರದ ಗುಂಡಿ ಒತ್ತಿದರು. ಜಾಕಿನ ಕೊರಳಿಗೆ ಸೀಮೆಸುಣ್ಣದಲ್ಲಿ ಒಂದು ಗೀರು ಎಳೆದರು.

ಒಂದು ನಿಮಿಷ, ಎರಡು, ಮೂರು. ಗೀರು ಅಲ್ಲಾಡಲಿಲ್ಲ. ನಾಲ್ಕು ನಿಮಿಷಕ್ಕೂ ಕಲ್ಲಿನ ಹಾಗೆ ನಿಂತಿತ್ತು. ಐದು ಕಳೆಯಿತು.

ಆರನೆಯ ನಿಮಿಷದಲ್ಲಿ ಬಿಳಿಯ ಗೀರು ಕೂದಲೆಳೆಯಷ್ಟು ಕೆಳಗೆ ಸರಿಯಿತು. ಸದ್ದೇ ಇಲ್ಲ. ನೋಡನೋಡುತ್ತ ಇನ್ನಷ್ಟು ಇಳಿಯಿತು, ಇಳಿಯುತ್ತಲೇ ಹೋಯಿತು. ಮುನಿರಾಜಣ್ಣ ಗಡಿಯಾರ ನಿಲ್ಲಿಸಲಿಲ್ಲ. ಬೆಂಚಿನ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಹತ್ತೂ ನಿಮಿಷ ಮುಗಿಯುವವರೆಗೆ ಅದು ಇಳಿಯುವುದನ್ನು ನೋಡುತ್ತ ನಿಂತರು.